ದೊಡ್ಡಮುನಿಯಪ್ಪನನ್ನು ಊಟಕ್ಕೆ ಕರೆದದ್ದು

ನಮ್ಮ ಮನೆಯಲ್ಲಿ ಊಟಕ್ಕೆ ಕೂರುವ ಮುಂಚೆ ಕೈಯ ಜೊತೆಗೆ ನಾಲಿಗೆಯನ್ನೂ ತೊಳೆದುಕೊಳ್ಳಬೇಕಿತ್ತು. ತಾತ ತಟ್ಟೆಯ ಮುಂದೆ ಇರುವಷ್ಟು ಹೊತ್ತು 'ಬಂಗಾರ' ಎಂಬ ಮಾತು ಯಾರ ಬಾಯಿಂದಲೂ ಬರುವಂತಿರಲಿಲ್ಲ. ಬಂದರೆ ಅವನು ಮುರಿದ ಮುದ್ದೆಯನ್ನು ಹಾಗೇ ಬಿಟ್ಟು, ತಟ್ಟೆಯಲ್ಲೇ ಕೈ ತೊಳೆದು, ಟವಲು ಕೊಡವಿ ಎದ್ದು ಹೋಗುತ್ತಿದ್ದ. ಕೂಗಾಟವಿಲ್ಲ, ಬೈಗುಳವಿಲ್ಲ. ಮುಂದಿನ ಹೊತ್ತಿನ ಊಟಕ್ಕೆ ಏನೂ ಆಗಿಲ್ಲದವನಂತೆ ಬಂದು ಕೂರುತ್ತಿದ್ದ. ಆದರೆ ಆ ಒಂದು ಹೊತ್ತು ಉಳಿದವರ ಗಂಟಲಲ್ಲೂ ಏನೂ ಇಳಿಯುತ್ತಿರಲಿಲ್ಲ. ನಾವಿದ್ದದ್ದು ಬೂದಿಕೋಟೆಯಿಂದ ಬಂಗಾರಪೇಟೆಗೆ ಹೋಗುವ ದಾರಿಯ ಒಂದು ಊರಿನಲ್ಲಿ. ಅಪ್ಪ ದಿನಾ ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಿದ್ದದ್ದು ಕೆಜಿಎಫ್‌ನ ಕಾರ್ಖಾನೆಗೆ. ಸಂತೆ, ಆಸ್ಪತ್ರೆ, ರೈಲು ಎಲ್ಲಕ್ಕೂ ಬಂಗಾರಪೇಟೆ ಜಂಕ್ಷನ್ನೇ ಗತಿ. ಇಂಥ ಸೀಮೆಯಲ್ಲಿ ಆ ಮೂರಕ್ಷರ ಬಿಟ್ಟು ಬದುಕುತ್ತೇನೆ ಎನ್ನುವುದು ಮೀನು ಮಾರ್ಕೆಟ್ಟಿನಲ್ಲಿ ಮನೆ ಮಾಡಿ ಮೂಗು ಮುಚ್ಚಿಕೊಂಡ ಹಾಗೆ. ಊಟವಿಲ್ಲದ ಹೊತ್ತಿನಲ್ಲೂ ಅದನ್ನು ತನ್ನ ಬಾಯಿಂದ ಆಡದ ತಾತ ಅದಕ್ಕೂ ದಾರಿ ಕಂಡುಕೊಂಡಿದ್ದ. ಒಡವೆಯ ಮಾತು ಬಂದರೆ 'ಚಿನ್ನ' ಎನ್ನುತ್ತಿದ್ದ. ಬಸ್ಸಿನಲ್ಲಿ ಬಂಗಾರಪೇಟೆಗಿದ್ದ ಬ್ರಿಟಿಷರ ಕಾಲದ ಹೆಸರನ್ನು ಹೇಳುತ್ತಿದ್ದ.

"ಒಂದು ಬೌರಿಂಗ್‌ಪೇಟೆ ಕೊಡಪ್ಪ."

"ಅದ್ಯಾವ ಪೇಟೆ ತಾತ? ಈ ಬಸ್ಸು ಅಲ್ಲಿಗೆ ಓಗಲ್ಲ," ಎಂದ ಹೊಸ ಕಂಡಕ್ಟರುಗಳಿದ್ದರು.

ಆಗ ಪಕ್ಕದಲ್ಲಿ ಕೂತ ನಾನು ಕಂಡಕ್ಟರನ ದನಿಯನ್ನೇ ಅವನಿಗೆ ವಾಪಸು ಕೊಡುತ್ತಿದ್ದೆ: "ಜಂಕ್ಷನ್ ಒಂದು ಫುಲ್ಲು, ಒಂದು ಆಫು, ರೈಟ್ ರೈಟ್!" ಬಸ್ಸಿನ ಜನ ನಗುತ್ತಿದ್ದರು. ತಾತನನ್ನು ಹಳೇ ಕಾಲದ ಮನುಷ್ಯ ಎಂದುಕೊಳ್ಳುತ್ತಿದ್ದರು. ನಿಜ ಏನೆಂದರೆ, ಬಂಗಾರಮ್ಮ ಅವನ ಮಗಳ ಹೆಸರು.

ನನ್ನ ಅತ್ತೆ, ಅಪ್ಪನ ತಂಗಿ. ನಾನು ಅಂಗನವಾಡಿಯ ಉಪ್ಪಿಟ್ಟು ತಿನ್ನುತ್ತಿದ್ದ ಕಾಲದಲ್ಲಿ ಅವಳು ಕೆಜಿಎಫ್‌ನ ಊರಿಗಾಂಗೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿ ಕೋರಮಂಡಲ್ ಲೈನಿನ ಸೆಲ್ವ ಎಂಬುವನನ್ನು ಮೆಚ್ಚಿ ಮದುವೆಯಾದಳು. ಲೈನು ಎಂದರೆ ಗಣಿಯ ಕೆಲಸಗಾರರಿಗೆ ಕಂಪನಿ ಕಟ್ಟಿಸಿಕೊಟ್ಟ ಸಾಲುಮನೆಗಳು. ಗಣಿ ಮುಚ್ಚಿತು, ಜನ ಅಲ್ಲೇ ಉಳಿದರು. ಅವರ ಮನೆಯ ಮಾತು ತಮಿಳು, ನಮ್ಮದು ತೆಲುಗು ಬೆರೆತ ಕನ್ನಡ. ಆದರೆ ಭಾಷೆ ನಮ್ಮ ಕಡೆ ಯಾವತ್ತೂ ಅಡ್ಡಿಯಾಗಿಲ್ಲ, ಒಂದೇ ಜಗಳದಲ್ಲಿ ಮೂರು ಭಾಷೆಯಲ್ಲಿ ಬೈದುಕೊಳ್ಳುವವರು ನಾವು. ಅಡ್ಡಿಯಾದದ್ದು ಜಾತಿ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಆಡಲಿಲ್ಲ. 'ಲೈನಿನ ಹುಡುಗ' ಎಂದರು. ಅದರಲ್ಲಿ ಎಲ್ಲ ಬಂದುಬಿಡುತ್ತಿತ್ತು. ಮದುವೆಯ ಸುದ್ದಿ ಬಂದಾಗ ತಾತ ಊಟಕ್ಕೆ ಕೂತಿದ್ದ. ಸಾರು ಬಡಿಸುತ್ತಿದ್ದ ಅಜ್ಜಿ ಮಗಳ ಹೆಸರು ಹಿಡಿದು ಅಳಲು ಶುರು ಮಾಡಿದಳಂತೆ.

"ನಾನು ಉಣ್ಣೋವಾಗ ಆ ಎಸರು ಕಿವಿಗೆ ಬಿದ್ರೆ, ಆ ಒತ್ತಿನ ಅನ್ನ ನಂಗೆ ಬ್ಯಾಡ," ಎಂದನಂತೆ ತಾತ.

ಇಷ್ಟೇ. ಮನೆಗೆ ಬರಬೇಡ ಎಂದು ಅವನು ಹೇಳಲಿಲ್ಲ. ಆದರೆ ಹೆಸರನ್ನೇ ಎತ್ತಲಾಗದವಳನ್ನು ಮನೆಗೆ ಕರೆಯುವುದು ಹೇಗೆ? ಸೆಲ್ವ ಮಾಮನಿಗೆ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಅತ್ತೆ ಅವನ ಜೊತೆ ಹೋದಳು.

ನಾವು ಊಟ ಮಾಡುತ್ತಿದ್ದದ್ದು ನಡುಮನೆಯಲ್ಲಿ. ಅಲ್ಲೇ ಟಿವಿ, ಅಲ್ಲೇ ರಾಗಿ ಮೂಟೆ, ಅಲ್ಲೇ ದೇವರ ಗೂಡು. ಟಿವಿಯಲ್ಲಿ ರೇಷ್ಮೆ ಸೀರೆಯುಟ್ಟ ಹೆಂಗಸು ಸುಮ್ಮನೆ ನಕ್ಕರೆ ಸಾಕು, ಇದು ಒಡವೆ ಅಂಗಡಿಯ ಜಾಹೀರಾತು ಎಂದು ಅಮ್ಮ ಸೌಟು ಬಿಸಾಕಿ ರಿಮೋಟಿಗೆ ಹಾರುತ್ತಿದ್ದಳು. ಒಂದು ಸಲ ಅವಳಿಗಿಂತ ಟಿವಿಯವಳೇ ಚುರುಕಾದಳು. 'ಬಂಗಾರ' ಎಂದೇಬಿಟ್ಟಳು. ತಾತನ ಕೈ ಸಾರಿನ ಮೇಲೆ ನಿಂತಿತು.

"ಅಂದಿದ್ದು ಟಿವಿಯೋಳು. ಅವ್ಳೇನು ನಮ್ಮನೆ ಎಂಗ್ಸಾ? ಉಣ್ಣು ಸುಮ್ಕೆ," ಎಂದಳು ಅಜ್ಜಿ.

ತಾತ ಕೋರ್ಟಿನ ಜಡ್ಜಿನಂತೆ ಯೋಚಿಸಿದ. "ಟಿವಿಗೆ ಬುದ್ಧಿ ಇಲ್ಲ. ಮನುಷ್ರಿಗೆ ಇರ್ಬೇಕು," ಎಂದು ತೀರ್ಪು ಕೊಟ್ಟು ತುತ್ತು ನುಂಗಿದ. ಅಂದಿನಿಂದ ಟಿವಿಗೆ ಮಾಫಿ ಆಯಿತು. ನೆಂಟರಿಗೆ ಆಗಲಿಲ್ಲ. ಬಂದವರಿಗೆ ಬಾಗಿಲಲ್ಲಿ ಕಾಲಿಗೆ ನೀರು ಕೊಡುವಾಗಲೇ ಅಮ್ಮ ಪಿಸುಗುಟ್ಟುತ್ತಿದ್ದಳು: "ಮಾವ ಊಟಕ್ಕೆ ಕೂತವ್ರೆ. ಜಂಕ್ಷನ್ ಅನ್ನಿ." ಮೊದಲ ಸಲ ಬಂದವರು ಏನೂ ಅರ್ಥವಾಗದೆ, ಇಡೀ ಊಟದಲ್ಲಿ ಒಂದೂ ಮಾತಾಡದೆ, ಅಳಿಯನ ಮನೆಗೆ ಬಂದ ಹೊಸ ಮಾವನಂತೆ ತಲೆ ತಗ್ಗಿಸಿ ಉಂಡು ಹೋಗುತ್ತಿದ್ದರು. ಅವರು ಹೋದ ಮೇಲೆ ಅವರು ಉಂಡದ್ದನ್ನು ನಾನು ಉಂಡು ತೋರಿಸುತ್ತಿದ್ದೆ.

ಹೌದು, ಅದು ನನ್ನ ಕಸುಬು. ಮಾತು ಅಳೆದು ಆಡುವ ಮನೆಯಲ್ಲಿ ಬೆಳೆದವನಿಗೆ ದನಿಗಳೆಲ್ಲ ದೊಡ್ಡದಾಗಿ ಕೇಳುತ್ತವೆ. ಅಪ್ಪ ಕೆಮ್ಮಿ ಮಾತು ಶುರು ಮಾಡುವುದು, ಅಮ್ಮ ಸಿಟ್ಟನ್ನು ಪಾತ್ರೆಯ ಮೇಲೆ ತೋರಿಸುವುದು, ಡೈರಿಯ ಸೆಕ್ರೆಟರಿ ಹಾಲಿಗೆ ನೀರು ಬೆರೆಸಿದವರನ್ನು ಮೂಗಿನಲ್ಲಿ ಬೈಯುವುದು, ಜಂಕ್ಷನ್ನಿನ ಮೈಕಿನ ಹೆಂಗಸು ತಡವಾದ ರೈಲಿಗೆ ಒಂದು ಚೂರೂ ಬೇಜಾರಿಲ್ಲದೆ ವಿಷಾದಿಸುವುದು, ಎಲ್ಲ ನನ್ನ ಗಂಟಲಿನಲ್ಲಿ ಬಂದು ಬಾಡಿಗೆಗೆ ಕೂತವು. ನನ್ನ ಸ್ವಂತ ದನಿ ಯಾವುದು ಎಂದರೆ ಈಗಲೂ ಸ್ವಲ್ಪ ಹುಡುಕಬೇಕು. ಸಿಕ್ಕರೂ ಅದೇನು ಅಂಥ ಸರಕಲ್ಲ. ಮೀಸೆ ಸರಿಯಾಗಿ ಕೂಡುವ ಮುಂಚೆ ಬಾಲ್ಯದ ನೆನಪು ಬರೆಯಲು ಕೂತವನನ್ನು ನೋಡಿ ಅಮ್ಮ ಮೊನ್ನೆ, "ನಿಂಗೆ ಬಾಲ್ಯ ಮುಗೀತು ಅಂತ ಯಾರ್ ಏಳಿದ್ದು?" ಎಂದಳು. ತಾತ ನನ್ನನ್ನು ಕೋತಿ ಎಂದೇ ಕರೆಯುತ್ತಿದ್ದ. ನಮ್ಮಲ್ಲಿ ಮೊದಲ ಮೊಮ್ಮಗನಿಗೆ ತಾತನ ಹೆಸರಿಡುವುದು ವಾಡಿಕೆ. ಆ ಲೆಕ್ಕದಲ್ಲಿ ನಾನು ದೊಡ್ಡಮುನಿಯಪ್ಪನಾಗಬೇಕಿತ್ತು. ಅಮ್ಮ ಬೇಡವೆಂದಳು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲ, ಇನ್ನು ಅದೇ ಹೆಸರು ಹಿಡಿದು ಮಗನನ್ನು ಬೈಯುವುದು ಹೇಗೆ? ನನ್ನಂಥವನನ್ನು ಬೈಯದೆ ಸಾಕಲಾಗದು ಎಂದು ತೊಟ್ಟಿಲಲ್ಲೇ ಅವಳಿಗೆ ಗೊತ್ತಾಗಿತ್ತು.

ಮನೆಯ ಹಿಂದೆ ದನದ ಕೊಟ್ಟಿಗೆ. ಸಂಜೆ ಅಜ್ಜಿ ಹಾಲು ಕರೆಯಲು ಕೂತಾಗ ಅಪ್ಪ ಮೊಬೈಲನ್ನು ಅವಳ ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿ ಹೋಗುತ್ತಿದ್ದ. ಆ ಕಡೆ ಅತ್ತೆ. ತಾತ ಆ ಹೊತ್ತಿಗೆ ಅರಳಿಕಟ್ಟೆಯಲ್ಲಿರುತ್ತಿದ್ದ. ಅತ್ತೆಗೆ ಗಂಡುಮಗು ಆದದ್ದೂ ನಮಗೆ ಗೊತ್ತಾದದ್ದು ಹೀಗೆ, ಸೀಮೆಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡಿದ್ದ ಅಜ್ಜಿಯಿಂದ. ಮಗುವಿನ ಹೆಸರೇನು ಎಂದರೆ ಅತ್ತೆ, "ನೋಡ್ದಾಗ ಏಳ್ತೀನಮ್ಮ, ಈಗ ಪುಟ್ಟ ಅನ್ನು ಸಾಕು," ಎನ್ನುತ್ತಿದ್ದಳು. ಒಂದು ದಿನ ಫೋನು ಬರಲಿಲ್ಲ. ಅಜ್ಜಿ ಚೆಂಬು ಹಿಡಿದು ಸುಮ್ಮನೆ ಕೂತಿದ್ದಳು, ಹಸುವೂ ಸುಮ್ಮನೆ ನಿಂತಿತ್ತು. ಅವಳನ್ನು ನಗಿಸೋಣ ಎಂದು ನಾನು ಕಂಬದ ಹಿಂದಿನಿಂದ ಅತ್ತೆಯ ದನಿ ತೆಗೆದೆ.

"ಅಮ್ಮಾ, ಉಂಡ್ಯಾ? ಮಂಡಿ ನೋವು ಎಂಗೈತೆ?"

ಅಜ್ಜಿ ನಗಲಿಲ್ಲ. ತಿರುಗಿ ನೋಡಲೂ ಇಲ್ಲ. ಚೆಂಬನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡು, "ಇನ್ನೊಂದ್ ಸಲ ಅನ್ನು," ಎಂದಳು.

ಅಂದೆ. ಅದೇ ವಾಡಿಕೆಯಾಯಿತು. ಫೋನು ಬಾರದ ಸಂಜೆ ನಾನೇ ಫೋನು. ಅಜ್ಜಿ ಕೇಳಿದ್ದಕ್ಕೆಲ್ಲ ಅತ್ತೆಯಾಗಿ ಉತ್ತರ ಕೊಡುತ್ತಿದ್ದೆ: ಮಗುವಿಗೆ ಹಲ್ಲು ಬಂತಾ, ಅಲ್ಲಿ ನೀರು ಸಿಗುತ್ತಾ, ಅವನು ಚೆನ್ನಾಗಿ ನೋಡಿಕೊಳ್ಳುತ್ತಾನಾ. ಗೊತ್ತಿಲ್ಲದ್ದನ್ನು ಕಟ್ಟಿ ಹೇಳುತ್ತಿದ್ದೆ. "ಬಯ್ಯಿ ನನ್ನ, ಅವ್ಳು ಬಯ್ತಿದ್ದಂಗೆ," ಎಂದೂ ಕೇಳುತ್ತಿದ್ದಳು. ಔಷಧಿ ನುಂಗದ್ದಕ್ಕೆ ನಾನು ಅವಳನ್ನು ಬೈಯುತ್ತಿದ್ದೆ, ಅವಳು "ಆಯ್ತು ಕಣಮ್ಮ, ಆಯ್ತು ಕಣಮ್ಮ" ಎನ್ನುತ್ತ ಹಾಲು ಕರೆಯುತ್ತಿದ್ದಳು. ಜನರನ್ನು ನಗಿಸಲು ಕಲಿತ ವಿದ್ಯೆಯಿಂದ ಇಂಥ ಕೆಲಸವೂ ಆಗುತ್ತದೆ ಎಂಬುದು ನನಗೆ ಗೊತ್ತಾದದ್ದು ಸಗಣಿ ವಾಸನೆಯ ಆ ಕತ್ತಲುಗವಿಯಲ್ಲಿ. ಒಂದು ಸಂಜೆ ಹೀಗೇ ಮಾತಾಡುತ್ತಿರುವಾಗ ಕೊಟ್ಟಿಗೆಯ ಬಾಗಿಲಲ್ಲಿ ತಾತ ನಿಂತಿದ್ದ, ತಲೆಯ ಮೇಲೆ ಹುಲ್ಲಿನ ಹೊರೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನು ಹೊರೆಯನ್ನು ಮೆಲ್ಲಗೆ ಇಳಿಸಿ, ಹಸುವಿನ ಮುಂದೆ ಹರಡಿ ಹೋದ. ಅವತ್ತಿನ ಊಟವನ್ನೂ ಮಾಡಿದ. ಕಟ್ಟಳೆ ಇದ್ದದ್ದು ಹೆಸರಿಗೆ, ದನಿಗಲ್ಲ.

ಎಂಟನೇ ಕ್ಲಾಸಿನ ದಸರಾ ರಜೆ ಮುಗಿಯುವ ಹೊತ್ತಿಗೆ ನನ್ನ ಗಂಟಲು ಒಡೆಯಿತು. ಅತ್ತೆಯ ದನಿ ತೆಗೆಯಲು ಹೋದರೆ ಡಬ್ಬದೊಳಗೆ ಸಿಕ್ಕಿಕೊಂಡ ಕಪ್ಪೆಯ ದನಿ ಬರುತ್ತಿತ್ತು. ಒಂದು ಸಂಜೆ ಎರಡು ಸಲ, ಮೂರು ಸಲ ಪ್ರಯತ್ನಿಸಿದೆ. ಹಸುವೇ ಕತ್ತು ತಿರುಗಿಸಿ ನೋಡಿತು.

"ಓಗ್ಲಿ ಬಿಡ್ಲಾ," ಎಂದಳು ಅಜ್ಜಿ. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಕಾರ್ಖಾನೆಯಿಂದ ಬಂದ ಅಪ್ಪ ಇನ್ನೂ ಶೂ ಬಿಚ್ಚಿರಲಿಲ್ಲ, ಅವನ ಮುಂದೆ ಹೋಗಿ ನಿಂತಳು.

"ಸೀನಾ, ಇನ್ನ ಇವನ ಕೈಲೂ ಆಗಲ್ಲ. ನಾನು ಕಣ್ಮುಚ್ಚೋದ್ರೊಳಗೆ ನನ್ ಮಗಳ ಮಾತು ಅವ್ಳ ಬಾಯಿಂದ್ಲೇ ಕೇಳ್ಬೇಕು. ನಿಮ್ಮಪ್ಪನ ಎದುರಿಗೇ ಕೇಳ್ಬೇಕು. ಕದ್ದು ಕೇಳಿ ಕೇಳಿ ಸಾಕಾಗೈತೆ ನಂಗೆ. ಅವ್ಳು ಈ ಒಸ್ಲು ದಾಟಿ ಒಳಕ್ಕೆ ಬರ್ಬೇಕು."

ಅಪ್ಪನಿಗೆ ಸಂಚು ಮಾಡಿ ಅಭ್ಯಾಸವಿಲ್ಲ. ಸುಳ್ಳು ಹೇಳುವಾಗ ಅವನ ಕೆಮ್ಮು ಎರಡರಷ್ಟಾಗುತ್ತದೆ. ತಾತ ಹರೆಯದಲ್ಲಿ ಹಾಲಿನ ಕ್ಯಾನುಗಳನ್ನು ಹೊತ್ತು ಜಂಕ್ಷನ್ನಿನಿಂದ ಕೋಲಾರಕ್ಕೆ ಚಿಕ್ಕ ಹಳಿಯ ರೈಲಿನಲ್ಲಿ ಹೋಗುತ್ತಿದ್ದವನು. ಆ ಹಳಿ ಕಿತ್ತು ದೊಡ್ಡ ಹಳಿ ಹಾಕಿದ್ದನ್ನು ಅವನು ಇನ್ನೂ ಕ್ಷಮಿಸಿರಲಿಲ್ಲ. ಅಪ್ಪ ಊಟದಲ್ಲಿ ಕೆಮ್ಮಿ ಕೆಮ್ಮಿ ವಿಷಯ ತೆಗೆದ.

"ಮೈಸೂರಲ್ಲಿ ರೈಲು ಮ್ಯೂಸಿಯಂ ಐತಂತಪ್ಪ. ನೀನು ಓಗ್ತಿದ್ಯಲ್ಲ, ಅಂಥ ಚಿಕ್ಕ ರೈಲೂ ಇಟ್ಟವ್ರಂತೆ."

"ನಿಂತಿರೋ ರೈಲು ನೋಡಕ್ಕೆ ಓಡೋ ರೈಲಲ್ಲಿ ಓಗ್ಬೇಕೇನ್ಲಾ?" ಎಂದ ತಾತ. ಬೆಳಿಗ್ಗೆ ಎದ್ದವನೇ, "ಯಾವತ್ತು ಓಗೋದು?" ಎಂದ.

ಸಂಕ್ರಾಂತಿಗೆ ಮುಂಚಿನ ಒಂದು ರಜಾದಿನ ಹೊರಟೆವು. ಜಂಕ್ಷನ್ನಿನ ಪ್ಲಾಟ್‌ಫಾರಂನಲ್ಲಿ ಅಮ್ಮ ಇಡ್ಲಿ ಪೊಟ್ಟಣ ಬಿಚ್ಚುವುದಕ್ಕೂ ಮೈಕಿನ ಹೆಂಗಸು ಊರಿನ ಹೆಸರು ಕೂಗುವುದಕ್ಕೂ ಸರಿಯಾಗುತ್ತಿತ್ತು. ತಾತ ಪೊಟ್ಟಣ ಮುಚ್ಚುತ್ತಿದ್ದ. ಅವಳು ನಿಲ್ಲಿಸಿದರೆ ಬಿಚ್ಚುತ್ತಿದ್ದ. ಅವಳು ಇಂಗ್ಲಿಷಿನಲ್ಲಿ ಶುರು ಮಾಡುತ್ತಿದ್ದಳು. ಕೊನೆಗೆ ಅವನು ಇಡ್ಲಿ ತಿಂದದ್ದು ರೈಲು ಟೇಕಲ್ ಸ್ಟೇಷನ್ ದಾಟಿದ ಮೇಲೆ. ಕಿಟಕಿಯ ಪಕ್ಕ ಕೂತ ಅಜ್ಜಿ ಏನನ್ನೂ ತಿನ್ನಲಿಲ್ಲ. ಬೆಂಗಳೂರಿನಲ್ಲಿ ರೈಲು ಬದಲಾಯಿಸುವಾಗ ನನ್ನ ಕೈ ಹಿಡಿದುಕೊಂಡಳು.

ಮ್ಯೂಸಿಯಮ್ಮಿನಲ್ಲಿ ಮರಗಳ ಕೆಳಗೆ ಕರಿ ಇಂಜಿನ್‌ಗಳನ್ನು ಹೊಸದಾಗಿ ಬಣ್ಣ ಹೊಡೆದು ನಿಲ್ಲಿಸಿದ್ದರು. ಕೈಯೆತ್ತಿ ನಿಂತ ಹಳೆಯ ಸಿಗ್ನಲ್ಲು, ಹಿತ್ತಾಳೆಯ ಗಂಟೆ, ಗೋಡೆ ಗಡಿಯಾರ. ಮಕ್ಕಳು ಚಕ್ರದಿಂದ ಚಕ್ರಕ್ಕೆ ಹಾರುತ್ತಿದ್ದರು. ನಾನು ಅಭ್ಯಾಸಬಲದಿಂದ ಉಗಿ ಬಿಡುವ ಸದ್ದು ಮಾಡಿದೆ, ಅದು ಪಂಕ್ಚರಾದ ಸೈಕಲ್ಲಿನ ಸದ್ದಾಯಿತು. ತಾತ ಒಂದು ಇಂಜಿನ್ನಿನ ಹೊಟ್ಟೆಯನ್ನು ಅಂಗೈಯಿಂದ ಸವರಿ, ಮಸಿ ಹತ್ತಿತೇ ಎಂದು ನೋಡಿಕೊಂಡ. ಹತ್ತಿರಲಿಲ್ಲ.

"ಎಣಕ್ಕೆ ನೀರಾಕಿ ಬಟ್ಟೆ ಉಡ್ಸಿ ಕೂರ್ಸಿದಂಗೈತೆ," ಎಂದ.

ಅಪ್ಪನ ಏರ್ಪಾಡು ಹೀಗಿತ್ತು: ಅವನು ಗೇಟಿನ ಹತ್ತಿರ ಅತ್ತೆಯನ್ನು ಕಾಯುವುದು, ಅಜ್ಜಿ ಮತ್ತು ಅಮ್ಮ ಕಲ್ಲುಬೆಂಚಿನಲ್ಲಿ ಕೂರುವುದು, ತಾತನನ್ನು ನಾನು ಚಿಕ್ಕ ಹಳಿಯ ರೈಲುಡಬ್ಬಿಯ ಹತ್ತಿರ ಹಿಡಿದಿಟ್ಟುಕೊಳ್ಳುವುದು. ಆಮೇಲೆ ಅಪ್ಪ ಬಂದು, ಕೆಮ್ಮಿ, "ನೋಡಪ್ಪ ಯಾರು ಸಿಕ್ಕಿದ್ರು," ಎನ್ನುವುದು. ತಾತ ಡಬ್ಬಿ ಹತ್ತಿ ಮರದ ಬೆಂಚಿನ ಮೇಲೆ ಕೂತ. ಕ್ಯಾನು ಇಡುತ್ತಿದ್ದ ಜಾಗದಲ್ಲಿ ಕಾಲು ಚಾಚಿದ. ನಾನು ಪಕ್ಕದಲ್ಲಿ ಕಡಲೆಮಿಠಾಯಿ ಕಡಿಯುತ್ತ ನಿಂತೆ. ಆಗ ಹೊರಗಿನಿಂದ, ನಾನು ಕೊಟ್ಟಿಗೆಯಲ್ಲಿ ತೆಗೆಯುತ್ತಿದ್ದ ಆ ದನಿ ಬಂತು.

"ಲೇ ದೊಡ್ಡಮುನಿಯಪ್ಪಾ! ಬಾರೋ ಇಲ್ಲಿ! ಎರಡು ತುತ್ತು ತಿಂದು ಓಗೋ!"

ತಾತ ಹಾವು ಕಂಡವನಂತೆ ನೆಟ್ಟಗಾದ. ಅವನನ್ನು ಹಾಗೆ ಹೆಸರು ಹಿಡಿದು ಊಟಕ್ಕೆ ಕರೆಯುವವರು ಈ ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ಅವನ ಅವ್ವ ಹೋಗಿ ಎಷ್ಟೋ ಕಾಲವಾಗಿತ್ತು. ಅವನು ನನ್ನ ಕಡೆ ತಿರುಗಿದ. ಕೈ ಮೇಲೆತ್ತಿದ್ದ.

"ಏನ್ಲಾ ಕೋತಿ, ನನ್ನ ಎಸರಿಡ್ದು ಕೂಗ್ತೀಯಾ? ಅದೂ ಆ ದನೀಲಿ?"

"ನಾನಲ್ಲ ತಾತ," ಎಂದೆ. ಡಬ್ಬದ ಕಪ್ಪೆಯೇ ಸಾಕ್ಷಿ ಹೇಳಿತು. ಎತ್ತಿದ ಕೈ ಹಾಗೇ ನಿಂತಿತು. ಹೊರಗಿನಿಂದ ಮತ್ತೆ ಬಂತು:

"ಉಣ್ಣು ಬಾರೋ ನಮ್ಮಪ್ಪಾ! ದೊಡ್ಡಮುನಿಯಪ್ಪಾ! ದಿನಾ ನಿನ್ನ ಇಂದೆ ಓಡಿ ಓಡಿ ಸಾಕಾಯ್ತು ಕಣೋ!"

ತಾತ ಡಬ್ಬಿಯ ಮೆಟ್ಟಿಲು ಇಳಿದ. ಕೆಳಗೆ ನಿಲ್ಲುವಷ್ಟರಲ್ಲಿ ಕೆಂಪು ಸ್ವೆಟರಿನ ಒಂದು ಪುಟ್ಟ ಹುಡುಗ ಓಡಿ ಬಂದು ಅವನ ಮೊಣಕಾಲಿಗೆ ಡಿಕ್ಕಿ ಹೊಡೆದು ನಿಂತ. ಹಿಂದೆ ತಿಂಡಿಯ ಸ್ಟೀಲ್ ಡಬ್ಬಿ ಹಿಡಿದು ಓಡಿ ಬರುತ್ತಿದ್ದ ಅತ್ತೆ ತಾತನನ್ನು ಕಂಡು ಇದ್ದಲ್ಲೇ ನಿಂತುಬಿಟ್ಟಳು. ಅಪ್ಪ ಇನ್ನೂ ಗೇಟಿನಲ್ಲಿ ಕೆಮ್ಮುತ್ತಿದ್ದನೋ ಏನೋ. ಅವಳು ಇನ್ನೊಂದು ಗೇಟಿನಿಂದ ಬಂದಿದ್ದಳು.

"ಯಾರ್ಲಾ ನೀನು?" ಎಂದ ತಾತ.

"ದೊಡ್ಡಮುನಿಯಪ್ಪ ಎಸ್."

"ಎಸ್ಸು ಅಂದ್ರೆ?"

"ಸೆಲ್ವ. ನಮ್ಮಪ್ಪ. ನೀನು ಯಾರು?"

ತಾತ ಅವನ ಮುಖದ ಮಟ್ಟಕ್ಕೆ ಬಗ್ಗಿದ. "ನಾನೂ ದೊಡ್ಡಮುನಿಯಪ್ಪನೇ ಕಣ್ಲಾ."

"ಸುಳ್ಳು. ನಮ್ಮ ಸ್ಕೂಲಲ್ಲಿ ಯಾರಿಗೂ ಈ ಹೆಸರಿಲ್ಲ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ನಮ್ಮ ನಡುಮನೆಯಲ್ಲಿ ಇಷ್ಟು ವರ್ಷ ತಟ್ಟೆಯ ಮುಂದೆ ಅವಳ ಹೆಸರು ಎತ್ತುವಂತಿರಲಿಲ್ಲ. ಅವಳ ಮನೆಯಲ್ಲಿ ತಟ್ಟೆ ಇಟ್ಟಾಗಲೆಲ್ಲ ತಾತನ ಹೆಸರು ಕೂಗುತ್ತಿದ್ದರು. ಬೈದಿದ್ದರು, ಮುದ್ದು ಮಾಡಿದ್ದರು, ಹಿಂದೆ ಓಡಿ ಓಡಿ ತುತ್ತು ಇಟ್ಟಿದ್ದರು.

ಅಜ್ಜಿ ಬೆಂಚಿನಿಂದ ಎದ್ದು ಬಂದಳು. ಮಂಡಿನೋವಿನವಳು ಹಾಗೆ ಬಂದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅತ್ತೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಅಪ್ಪ, ಅಮ್ಮ, ದೂರದಲ್ಲಿ ಸೆಲ್ವ ಮಾಮ, ಎಲ್ಲ ಬಂದು ನಿಂತರು. ಸೆಲ್ವ ಮಾಮ ಕೈ ಮುಗಿದ. ತಾತ ಯಾರನ್ನೂ ನೋಡದೆ ಡಬ್ಬಿಯ ಮೆಟ್ಟಿಲ ಮೇಲೆ ಕೂತ. ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ, ಒಬ್ಬನನ್ನು ಬಿಟ್ಟು. ಅವನಿಗೆ ಊಟ ತಪ್ಪಿಸಿಕೊಳ್ಳಬೇಕಿತ್ತು.

"ಅಮ್ಮಾ, ಈ ದೊಡ್ಡಮುನಿಯಪ್ಪಂಗೆ ಕೊಡು. ಇವನು ತಿಂತಾನೆ."

ಅತ್ತೆ ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಉಪ್ಪಿಟ್ಟು ಹಾಕಿದಳು. ಅವರೆಕಾಳಿನ ಉಪ್ಪಿಟ್ಟು. ಹುಡುಗ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ತಾತನ ತೊಡೆಯ ಮೇಲಿಟ್ಟ. ಅದು ಲೈನಿನ ಹುಡುಗನ ಒಲೆಯ ಮೇಲೆ ಬೆಂದದ್ದು. ಅಲ್ಲಿ ನಿಂತಿದ್ದ ಎಲ್ಲರಿಗೂ ಅದು ಗೊತ್ತಿತ್ತು. ತಾತ ಮುಚ್ಚಳವನ್ನು ನೋಡುತ್ತ ಕೂತ. ಆಮೇಲೆ ಒಂದು ತುತ್ತು ಎತ್ತಿದ. ಬಾಯಿಗೆ ಒಯ್ಯಲಿಲ್ಲ. ತುತ್ತು ಹಿಡಿದುಕೊಂಡೇ ಹುಡುಗನನ್ನು ಕೇಳಿದ.

"ನಿಮ್ಮಮ್ಮನ ಎಸರೇನ್ಲಾ?"

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿ ನನ್ನ ತೋಳು ಹಿಡಿದಳು, ಉಗುರು ಇಳಿಯುವಷ್ಟು. ಮೈಕಿನ ಹೆಂಗಸೋ, ಕರುವೋ, ಯಾವುದಾದರೂ ಒಂದು ದನಿ ತೆಗೆದು ಆ ಹುಡುಗನ ಬಾಯಿ ಮುಚ್ಚಿಸೋಣ ಎಂದು ನಾನು ಬಾಯಿ ತೆರೆದೆ. ಗಾಳಿ ಮಾತ್ರ ಬಂತು.

"ಬಂಗಾರಮ್ಮ," ಎಂದ ಹುಡುಗ, ಮಿಸ್ಸು ಕೇಳಿದಾಗ ಹೇಳುವಂತೆ, ಜೋರಾಗಿ.

ತಾತ ತುತ್ತನ್ನೇ ನೋಡಿದ. ನಮ್ಮ ನಡುಮನೆಯಲ್ಲಿ ಇಂಥ ಹೊತ್ತಿನಲ್ಲಿ ತುತ್ತು ತಟ್ಟೆಗೆ ವಾಪಸು ಬೀಳುವುದನ್ನು ನಾವೆಲ್ಲ ಕಂಡಿದ್ದೆವು, ಅದು ಬೀಳುವ ಸದ್ದೂ ನಮಗೆ ಗೊತ್ತಿತ್ತು. ಅವನು ಅದನ್ನು ಬಾಯಿಗೆ ಇಟ್ಟುಕೊಂಡ. ಹಲ್ಲು ಕಡಿಮೆ, ನಿಧಾನವಾಗಿ ಅಗಿದ. ಗಂಟಲು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ಆಮೇಲೆ ಮುಚ್ಚಳದೊಳಗಿನ ಕಾಳನ್ನು ಬೆರಳಿನಲ್ಲಿ ಸರಿಸುತ್ತ, ಅದರ ಜೊತೆಗೇ ಎಂಬಂತೆ ಮಾತಾಡಿದ.

"ಅವರೆ ಇಲ್ಲೀದಾ?"

"ಊನಪ್ಪ," ಎಂದಳು ಅತ್ತೆ. "ಇಲ್ಲೇ ಮಾರ್ಕೆಟ್ಟಲ್ಲಿ ತಗೊಂಡಿದ್ದು."

"ಸೊಗಡಿಲ್ಲ."

ಅತ್ತೆ ತಲೆ ತಗ್ಗಿಸಿದಳು. ತಾತ ಇನ್ನೊಂದು ತುತ್ತು ತಿಂದ. ಇನ್ನೊಂದು.

"ನಮ್ಮೊಲದಾಗೆ ಬಿಟ್ಟವೆ. ಬಂದು ಕಿತ್ಕಂಡೋಗು."

"ಯಾವಾಗ ಬರ್ಲಪ್ಪಾ?"

ತಾತ ತಲೆ ಎತ್ತಿದ. ಮೊದಲು ಅವಳನ್ನು, ಆಮೇಲೆ ಅವಳ ಹಿಂದೆ ಇನ್ನೂ ಕೈ ಮುಗಿದೇ ನಿಂತಿದ್ದ ಸೆಲ್ವ ಮಾಮನನ್ನು ನೋಡಿದ.

"ಕಾಯಿ ಬಲಿತ್ರೆ ಸೊಗಡು ಓಗ್ತದೆ. ಅದರೊಳಗೆ ಬನ್ನಿ," ಎಂದು ಖಾಲಿಯಾದ ಮುಚ್ಚಳವನ್ನು ಇನ್ನಷ್ಟು ಹಾಕು ಎಂಬಂತೆ ಅವಳ ಕಡೆ ಚಾಚಿದ.